ಮಂಡಿಗೆ ಸ್ಟೆಮ್ ಸೆಲ್, ಸ್ಟೀರಾಯ್ಡ್, ವ್ಯಾಯಾಮ: ಮೂರನ್ನೂ ನೋಡಿದವಳ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ವ್ಯಾಯಾಮಕ್ಕೆ. ಸುಮ್ನೆ ವಾಕಿಂಗ್ ಅಲ್ಲ, ಫಿಸಿಯೋ ಹತ್ತಿರ ಕಲಿತ ತೊಡೆಯ ವ್ಯಾಯಾಮ.

ನಾನು ಟೈಲರ್. ದಿನವಿಡೀ ಕಾಲಲ್ಲಿ ತುಳಿಯುವ ಮಿಷನ್. ಎರಡೂ ಮಂಡಿ ಸವೆದಿವೆ. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಸವೆತ ನಾಲ್ಕರಲ್ಲಿ ಮೂರನೇ ಗ್ರೇಡ್ ಅಂದರು. ಎಡಗಾಲಿಗೆ ನಮ್ಮೂರಲ್ಲೇ ಸ್ಟೀರಾಯ್ಡ್ ಇಂಜೆಕ್ಷನ್ ಆಯ್ತು. ಬಲಗಾಲಿಗೆ ಬೆಂಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳ ಇಂಜೆಕ್ಷನ್. ವ್ಯಾಯಾಮ ಎರಡಕ್ಕೂ.

ಸ್ಟೀರಾಯ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಗ್ಗ, ಬೇಗ ಕೇಳುತ್ತದೆ, ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ಶುಗರ್ ಇದ್ದವರಿಗೆ ಕೆಲವು ದಿನ ಏರುತ್ತದೆ. ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೊಟ್ಟು ನೋಡಿದ ಅಧ್ಯಯನವೊಂದು 2017ರಲ್ಲಿ ಬಂತು. ಬರೀ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ಇವರ ಮಂಡಿಯ ಕಾರ್ಟಿಲೇಜೇ (ಮೂಳೆ ತುದಿಯ ನುಣುಪು ಹೊದಿಕೆ) ಹೆಚ್ಚು ಸವೆದಿತ್ತು. ನೋವಿನಲ್ಲಿ ವ್ಯತ್ಯಾಸವೂ ಇರಲಿಲ್ಲ.

ಇನ್ನು ಸ್ಟೆಮ್ ಸೆಲ್. ಸೂಜಿ ಮಂಡಿಗೆ ಅಂತ ತಾನೇ ಎಲ್ಲರೂ ಅಂದುಕೊಳ್ಳುವುದು? ಮೊದಲ ಸೂಜಿ ಸೊಂಟದ ಮೂಳೆಗೆ. ಬೆನ್ನ ಹಿಂದೆ, ಲಂಗದ ಲಾಡಿ ಕಟ್ಟುವ ಜಾಗಕ್ಕಿಂತ ತುಸು ಕೆಳಗೆ. ಅಲ್ಲಿಂದ ಮಜ್ಜೆ ಎಳೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಕೋಶಗಳು ದಟ್ಟವಾಗಿರುವ ಭಾಗವನ್ನು ಮಂಡಿಗೆ ಹಾಕುತ್ತಾರೆ. ಮರಗಟ್ಟಿಸುವ ಔಷಧಿ ಕೊಟ್ಟೇ ಮಾಡುತ್ತಾರೆ, ಆದರೂ ಮಜ್ಜೆ ಎಳೆಯುವಾಗ ಒಳಗಿನಿಂದ ಜಗ್ಗಿದ್ದು ಗೊತ್ತಾಯಿತು.

ಅದನ್ನೂ ತಡೆದುಕೊಳ್ಳಬಹುದು. ನನ್ನನ್ನು ಸುಸ್ತು ಮಾಡಿದ್ದು ಮಾತ್ರೆ. ಇಂಜೆಕ್ಷನ್ನಿಗೆ ಮೊದಲೂ, ಆಮೇಲೆ ವಾರಗಟ್ಟಲೆಯೂ ಡೈಕ್ಲೋಫೆನಾಕ್, ಬ್ರೂಫೆನ್ ಮುಟ್ಟಬಾರದು. ಅವು ಉರಿಯೂತ ಇಳಿಸುತ್ತವೆ, ಹಾಕಿದ ಕೋಶಗಳ ಕೆಲಸಕ್ಕೆ ಸ್ವಲ್ಪ ಉರಿಯೂತ ಬೇಕು ಅನ್ನುವುದು ಅವರ ವಾದ. ಬರೀ ಪ್ಯಾರಾಸಿಟಮಾಲ್. ಮಂಡಿ ಊದಿಕೊಂಡು ಬಿಸಿಯಾಗಿತ್ತು. ಸ್ಟೂಲ್ ಮೇಲೆ ಕೂತರೆ ಸೊಂಟ, ಎದ್ದರೆ ಮಂಡಿ. ಅದೂ ಮದುವೆ ಸೀಸನ್. ಬ್ಲೌಸ್ ಪೀಸುಗಳು ಕಟ್ಟಿನಲ್ಲಿ ಹಾಗೇ ಕೂತಿದ್ದವು. ಬಲಗಾಲು ಚಾಚಿಟ್ಟು ಎಡಗಾಲೊಂದರಲ್ಲೇ ತುಳಿದರೆ ಹೊಲಿಗೆ ಓರೆ ಹೋಗುತ್ತಿತ್ತು. ಬಿಚ್ಚಬೇಕು, ಮತ್ತೆ ಹಾಕಬೇಕು.

ಈ ನಿಷೇಧದ ವಿಷಯ ಬಿಲ್ ಕಟ್ಟಿದ ಮೇಲೆ ಕೊಟ್ಟ ಚೀಟಿಯಲ್ಲಿತ್ತು. ಮೊದಲೇ ಹೇಳಿದ್ದರೆ ಆಷಾಢದಲ್ಲಿ ಮಾಡಿಸಿಕೊಳ್ಳುತ್ತಿದ್ದೆ. ಖರ್ಚು ಲಕ್ಷ ದಾಟಿತು. ಇನ್ಶೂರೆನ್ಸಿನಿಂದ ಒಂದು ಪೈಸೆ ಬರಲಿಲ್ಲ.

ಗುಣ ಆಗಲಿಲ್ಲವಾ? ಕೆಲವು ತಿಂಗಳಲ್ಲಿ ನೋವು ಇಳಿಯಿತು. ಅಷ್ಟರಲ್ಲಿ ವ್ಯಾಯಾಮ ಶುರುವಾಗಿತ್ತು, ಎಡಗಾಲೂ ಅಷ್ಟೇ ಹಗುರಾಗಿತ್ತು. ಹಾಗಾಗಿ ಪುಣ್ಯ ಯಾರ ಲೆಕ್ಕಕ್ಕೆ ಅಂತ ನಾನು ಆಣೆ ಇಟ್ಟು ಹೇಳಲಾರೆ.

ನನ್ನ ಎರಡು ಕಾಲನ್ನು ನಂಬಬೇಡಿ, ದೊಡ್ಡ ಲೆಕ್ಕ ನೋಡಿ. ಅಮೆರಿಕದಲ್ಲಿ 475 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಸ್ವಂತ ಮಜ್ಜೆ, ಸ್ವಂತ ಕೊಬ್ಬು, ಹೊಕ್ಕುಳಬಳ್ಳಿ, ಮೂರು ಬಗೆಯ ಕೋಶಗಳನ್ನೂ ಸ್ಟೀರಾಯ್ಡ್ ಎದುರು ನಿಲ್ಲಿಸಿದ್ದರು. ವರ್ಷ ಕಳೆದ ಮೇಲೆ ನೋವಿನಲ್ಲಿ ಯಾವುದೂ ಸ್ಟೀರಾಯ್ಡನ್ನು ಮೀರಿಸಲಿಲ್ಲ. ಅಲ್ಲಿಯದೇ ಇನ್ನೊಂದು, 2020ರದ್ದು, 156 ಜನ: ಸ್ಟೀರಾಯ್ಡ್ ಎದುರು ಫಿಸಿಯೋಥೆರಪಿ. ವರ್ಷದ ಕೊನೆಗೆ ಫಿಸಿಯೋದವರೇ ಮುಂದೆ. ಎರಡೂ ಬೇರೆ ಬೇರೆ ಪರೀಕ್ಷೆ, ನೇರವಾಗಿ ಕೂಡಿಸಬಾರದು, ಗೊತ್ತು. ಆದರೆ ಲಕ್ಷ ರೂಪಾಯಿಯ ಸ್ಟೆಮ್ ಸೆಲ್ ಸ್ಟೀರಾಯ್ಡನ್ನು ದಾಟುವುದಿಲ್ಲ, ಕೆಲವೇ ಸಾವಿರದ ಫಿಸಿಯೋ ದಾಟುತ್ತದೆ ಅಂದರೆ ನನ್ನಂಥವಳ ಕೈ ಯಾವ ಕಡೆ ಹೋಗುತ್ತದೆ ಹೇಳಿ.

ನ್ಯಾಯವಾಗಿ ಇನ್ನೊಂದು ಮಾತು. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಔಷಧಿಗೆ 2022ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಸಿಕ್ಕಿದೆ. ದಾನಿಗಳ ಮಜ್ಜೆಯಿಂದ ಲ್ಯಾಬಿನಲ್ಲಿ ಬೆಳೆಸಿದ ಕೋಶಗಳು ಅವು, ನಿಮ್ಮ ಸೊಂಟ ಚುಚ್ಚಬೇಕಿಲ್ಲ. 146 ಜನರ ಪರೀಕ್ಷೆಯಲ್ಲಿ ವರ್ಷದವರೆಗೂ ನೋವು ಕಡಿಮೆ ಇತ್ತು. ನನಗೆ ಹಾಕಿದ್ದು ಅದಲ್ಲ. ದುಡ್ಡಿದ್ದು ಹೋಗುವವರು ಯಾವುದು ಹಾಕುತ್ತೀರಿ ಅಂತ ಬರಹದಲ್ಲೇ ಕೇಳಿ ಪಡೆಯಿರಿ. ಪಿಆರ್‌ಪಿಯನ್ನೂ ಇದೇ ಹೆಸರಲ್ಲಿ ಮಾರುವವರಿದ್ದಾರೆ. ಅದು ರಕ್ತದ ಪ್ಲೇಟ್‌ಲೆಟ್, ಸ್ಟೆಮ್ ಸೆಲ್ ಅಲ್ಲವೇ ಅಲ್ಲ.

ನನ್ನ ವ್ಯಾಯಾಮ ಇಷ್ಟೇ. ಟವೆಲ್ ಸುತ್ತಿ ಮಂಡಿ ಕೆಳಗಿಟ್ಟು ಒತ್ತಿ ಹಿಡಿಯುವುದು. ಕುರ್ಚಿಯಲ್ಲಿ ಕೂತು ಕಾಲು ನೇರ ಎತ್ತಿ ಹತ್ತು ಎಣಿಸುವುದು. ಈಗ ಪಾದದ ಗಂಟಿಗೆ ಒಂದು ಕಿಲೋ ಉಪ್ಪಿನ ಪ್ಯಾಕೆಟ್ಟನ್ನು ಹಳೇ ದುಪಟ್ಟಾದಲ್ಲಿ ಕಟ್ಟಿಕೊಂಡು ಎತ್ತುತ್ತೇನೆ. ಬೇಜಾರಿನ ಕೆಲಸವೇ. ನಾಲ್ಕು ದಿನ ಬಿಟ್ಟರೆ ಮೆಟ್ಟಿಲಲ್ಲಿ ಗೊತ್ತಾಗುತ್ತದೆ. ತೂಕವೂ ಇಳಿಸಬೇಕು: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದಂತೆ.

ನಾಲ್ಕನೇ ಗ್ರೇಡ್ ಆಗಿ ಕಾಲು ಬಿಲ್ಲಿನಂತೆ ಬಾಗಿದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಮಂಡಿ ಬದಲಾವಣೆ ಬಗ್ಗೆ ಡಾಕ್ಟರ ಜೊತೆ ಮಾತಾಡಲಿ. ಕೃತಕ ಮಂಡಿಯ ಬೆಲೆಗೆ 2017ರಿಂದ ಸರ್ಕಾರದ ಮಿತಿ ಇದೆ.

ನನ್ನ ಪಟ್ಟಿಯಲ್ಲಿ ಇನ್ನೊಂದು ಐಟಂ ಇದೆ, ಅದನ್ನು ಯಾವ ಡಾಕ್ಟರೂ ಬರೆದುಕೊಡಲಿಲ್ಲ. ಮಿಷನ್ನಿಗೆ ಮೋಟರ್ ಹಾಕಿಸಿದೆ. ಫಿಸಿಯೋ ಫೀಸಿಗಿಂತ ಕಡಿಮೆ ಬಿತ್ತು.