ಶಾಖ, ಐಸು, ಎಣ್ಣೆ, ಕರೆಂಟು, ಕಾಲರ್: ಕುತ್ತಿಗೆ–ಬೆನ್ನು ನೋವಿಗೆ ನಾನು ಮಾಡಿ ನೋಡಿದ್ದು

ಶಿರಸಿಯಿಂದ ಬನವಾಸಿ ರಸ್ತೆಯಲ್ಲಿ ಸ್ವಲ್ಪ ಒಳಗೆ ಹೋದರೆ ನಮ್ಮ ಮನೆ. ಹಗಲು ಹೊಲಿಗೆ ಮಷಿನ್ ಮುಂದೆ, ಸಂಜೆ ಅಡಿಕೆ ಸುಲಿಯುವ ಕತ್ತಿ ಮುಂದೆ. ಎರಡೂ ಕೆಲಸಕ್ಕೆ ತಲೆ ಬಗ್ಗಿಸಲೇಬೇಕು. ಹದಿನೆಂಟು ವರ್ಷ ಹೀಗೇ ನಡೆಯಿತು. ಹೋದ ದೀಪಾವಳಿ ಹೊತ್ತಿಗೆ ಹಿಡಿದುಕೊಂಡ ಕುತ್ತಿಗೆ ಮತ್ತೆ ಬಿಡಲೇ ಇಲ್ಲ. ಸೊಂಟ ನೋವು ಮೊದಲಿನಿಂದ ಇತ್ತು, ಅದು ಎಡಗಾಲಿಗೂ ಇಳಿಯಿತು. ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಅಂತ ಡಾಕ್ಟರು ಲೆಕ್ಕ ಹಿಡಿಯುತ್ತಾರೆ. ನನಗೆ ಐದು ತಿಂಗಳಾಗಿತ್ತು. ಪರೀಕ್ಷೆ ಮಾಡಿ, ಎಕ್ಸ್‌ರೇ ನೋಡಿ, ಆಪರೇಷನ್ ಬೇಡ, ಫಿಸಿಯೋಥೆರಪಿ ಮಾಡಿಸಿ ಅಂದರು.

ಫಿಸಿಯೋಥೆರಪಿ ಶುರುವಾದ ಕೂಡಲೇ ನೋವು ಹೋಗುವುದಿಲ್ಲ. ನನಗಂತೂ ಮೊದಲ ಎರಡು ವಾರ ಜಾಸ್ತಿಯೇ ಆಯಿತು. ಕೂತು ಕೂತು ಮಲಗಿದ್ದ ಸ್ನಾಯುಗಳನ್ನು ಎಬ್ಬಿಸಿದರೆ ಅವು ನೋಯುತ್ತವೆ ಅಲ್ವಾ. ಆ ದಿನ ದಾಟುವುದಕ್ಕೆ ಮನೆಯಲ್ಲಿ ಏನಾದರೂ ಬೇಕು. ಒಬ್ಬರು ಶಾಖ ಅಂದರು, ಒಬ್ಬರು ಐಸು ಅಂದರು. ಆಯಿ ಎಣ್ಣೆ ಕಳಿಸಿದಳು. ಭಾವ ಬೆಲ್ಟು ತಂದುಕೊಟ್ಟರು. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಅದಕ್ಕೆ ಒಂದೊಂದನ್ನೇ ಎಂಟು–ಹತ್ತು ದಿನ ಮಾಡಿ, ಗೋಡೆ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಟ್ಟೆ. ಮಲಗುವ ಮುಂಚೆ ನೋವು ಹತ್ತಕ್ಕೆ ಎಷ್ಟು ಅಂತ ಒಂದು ಅಂಕಿ. ಮರುದಿನ ಬೆಳಿಗ್ಗೆ ವ್ಯಾಯಾಮ ಪೂರ್ತಿ ಮಾಡಿದ್ದರೆ ಪಕ್ಕದಲ್ಲಿ ಒಂದು ಟಿಕ್.

ಒಂದು ತಿಂಗಳು ಕಳೆದ ಮೇಲೆ ಕ್ಯಾಲೆಂಡರ್ ನೋಡಿದಾಗ ನನಗೇ ಆಶ್ಚರ್ಯವಾಯಿತು. ನೋವಿನ ಅಂಕಿ ಚೆನ್ನಾಗಿ ಇಳಿದ ದಿನಗಳ ಮರುದಿನ ಟಿಕ್ ಇರಲಿಲ್ಲ. ಅಂಕಿ ಒಂದೋ ಎರಡೋ ಇಳಿದ ದಿನಗಳ ಮರುದಿನವೇ ಟಿಕ್ ಜಾಸ್ತಿ ಇದ್ದವು. ಅಂದಿನಿಂದ ನಾನು ಟಿಕ್ ನೋಡಿಯೇ ಆರಿಸುತ್ತಿದ್ದೇನೆ.

ಮೊದಲು ಶಾಖ ಮತ್ತು ಐಸು. ನಮ್ಮ ಬಚ್ಚಲ ಹಂಡೆ ದಿನವಿಡೀ ಬಿಸಿ ಇರುತ್ತದೆ. ಅಡಿಕೆ ಸಿಪ್ಪೆ, ಒಣಗಿದ ಸೋಗೆ ಒಲೆಗೆ ಹೋಗುತ್ತಿರುತ್ತವೆ. ರಬ್ಬರ್ ಚೀಲಕ್ಕೆ ಮುಕ್ಕಾಲಿಗಿಂತ ಕಡಿಮೆ ನೀರು ತುಂಬಿ, ಗಾಳಿ ಹೊರಗೆ ಹಾಕಿ, ಟವೆಲ್ ಸುತ್ತಿ ಹದಿನೈದು ನಿಮಿಷ ಇಟ್ಟುಕೊಂಡರೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ಬೆಳಿಗ್ಗೆ ವ್ಯಾಯಾಮಕ್ಕೆ ಮುಂಚೆ ಇದಕ್ಕೆ ಸಮನಾದದ್ದು ನನಗೆ ಸಿಗಲಿಲ್ಲ. ಕರೆಂಟಿನ ಶಾಖದ ಪ್ಯಾಡನ್ನೂ 900 ರೂಪಾಯಿ ಕೊಟ್ಟು ತಂದೆ. ಒಳ್ಳೆಯದೇ, ಶಾಖ ಒಂದೇ ಸಮ ಇರುತ್ತದೆ. ಆದರೆ ನಮ್ಮಲ್ಲಿ ಜೂನ್ ಮಳೆ ಹಿಡಿದರೆ ಕರೆಂಟು ಹೋಗಿ ಎರಡು ದಿನವಾದರೂ ಬರುವುದಿಲ್ಲ. ಹಂಡೆಗೆ ಆ ತೊಂದರೆ ಇಲ್ಲ. ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ರಾತ್ರಿ ಚೀಲವನ್ನು ಸೊಂಟದ ಕೆಳಗೆ ಇಟ್ಟುಕೊಂಡೇ ನಿದ್ದೆ ಹೋದೆ. ಬೆಳಿಗ್ಗೆ ಅಂಗೈ ಅಗಲ ಚರ್ಮ ಕೆಂಪಾಗಿ ಗುಳ್ಳೆ ಎದ್ದಿತ್ತು. ಅದು ಮಾಯುವ ತನಕ ಹತ್ತು ದಿನ ಬೆನ್ನ ಮೇಲೆ ಮಲಗುವ ವ್ಯಾಯಾಮವೇ ಇಲ್ಲ. ಸಕ್ಕರೆ ಕಾಯಿಲೆ ಇದ್ದು ಚರ್ಮಕ್ಕೆ ಬಿಸಿ ಸರಿಯಾಗಿ ತಿಳಿಯದವರು ಇನ್ನೂ ಜಾಸ್ತಿ ಜಾಗ್ರತೆ ಮಾಡಬೇಕು.

ಐಸು ನನಗೆ ಮೊದಮೊದಲು ಹಿಡಿಸಲಿಲ್ಲ. ಮಳೆಗಾಲದ ಚಳಿಯಲ್ಲಿ ಕುತ್ತಿಗೆಗೆ ಐಸು ಇಡಲು ಮನಸ್ಸೇ ಬರುವುದಿಲ್ಲ. ಆದರೆ ತುಂಬಿದ ಕೊಡ ಎತ್ತುವಾಗ ಸೊಂಟ ಚಳಕ್ ಅಂದ ದಿನ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟಿದ್ದು ಶಾಖಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಹೊಸದಾಗಿ ಕೆರಳಿದ ನೋವಿಗೆ ಐಸು, ಹಳೆಯ ಬಿಗಿತಕ್ಕೆ ಶಾಖ. ನನ್ನ ಮೈಗೆ ಇದು ಸರಿಯಾಗಿ ಹೊಂದಿತು.

ಎಣ್ಣೆಗೂ ಕರೆಂಟಿಗೂ ನಮ್ಮ ಮನೆಯಲ್ಲಿ ವಾದವೇ ನಡೆಯಿತು. ಶುರುವಿನಲ್ಲಿ ನಾನು ಹೋದ ಒಂದು ಕಡೆ ಹದಿನೈದು ದಿನವೂ ಬರೀ ಮಷಿನ್ ಹಚ್ಚಿ ಕಳಿಸಿದರು. ಐಎಫ್‌ಟಿ (ಇಂಟರ್‌ಫೆರೆನ್ಶಿಯಲ್ ಥೆರಪಿ) ಅಂತಾರೆ, ನೋವಿದ್ದ ಕಡೆ ಕರೆಂಟು ಕೊಡುವ ಮಷಿನ್. ಸೆಕೆಂಡಿಗೆ ಸುಮಾರು 4000 ಸಲ ಮಿಡಿಯುವ ಎರಡು ಕರೆಂಟುಗಳನ್ನು, ಒಂದಕ್ಕೊಂದು ತುಸುವೇ ವ್ಯತ್ಯಾಸ ಇಟ್ಟು, ಮೈಯೊಳಗೆ ಅಡ್ಡ ಹಾಯಿಸುತ್ತಾರೆ. ಅವು ಕೂಡಿದ ಕಡೆ ನಿಧಾನದ ಮಿಡಿತ ಹುಟ್ಟುತ್ತದೆ. ಇರುವೆ ಹರಿದ ಹಾಗೆ ಜುಮುಜುಮು ಅನ್ನುತ್ತದೆ. ಆ ಹೊತ್ತಿಗೆ ನಿಜಕ್ಕೂ ಹಾಯ್ ಎನಿಸುತ್ತದೆ. ಏಳು ಇದ್ದ ನೋವು ಮೂರಕ್ಕೆ ಬರುತ್ತಿತ್ತು. ಬಸ್ ಇಳಿದು ಮನೆ ತಲುಪುವಾಗ ಐದು, ರಾತ್ರಿ ಮತ್ತೆ ಏಳು. ಹದಿನೈದು ದಿನದ ನಂತರ ಒಂದೂ ವ್ಯಾಯಾಮ ಕಲಿಯದೆ ವಾಪಸ್ ಬಂದೆ. ಇದು ನನಗೆ ಇಂದಿಗೂ ಬೇಸರದ ವಿಷಯ. ಎಷ್ಟೋ ಜನ ಹೀಗೇ ಮಷಿನ್ ಹಚ್ಚಿಸಿಕೊಂಡು, ಫಿಸಿಯೋಥೆರಪಿಯಿಂದ ಏನೂ ಆಗಲಿಲ್ಲ ಅಂತ ಬಿಟ್ಟುಬಿಡುತ್ತಾರೆ.

ಈಗ ಹೋಗುವ ಕಡೆಯ ಫಿಸಿಯೋ ಮೇಡಂ ಮಷಿನ್ ಹಚ್ಚುತ್ತಾರೆ, ಆದರೆ ಹತ್ತೇ ನಿಮಿಷ. ಅದು ಮುಗಿದ ಕೂಡಲೇ ಚಾಪೆಗೆ ಇಳಿಸುತ್ತಾರೆ. “ನೋವು ಕಮ್ಮಿ ಇರುವ ಈ ಅರ್ಧ ತಾಸೇ ನಮಗೆ ಬೇಕಾಗಿದ್ದು ಅಕ್ಕಾ, ಇದನ್ನ ಮಲಗಿ ಕಳೀಬೇಡಿ” ಅಂದರು. ಅದೇ ಮಷಿನ್, ಅದೇ ಕರೆಂಟು. ಬಳಸುವ ಹೊತ್ತು ಬದಲಾದ್ದರಿಂದ ಫಲವೇ ಬದಲಾಯಿತು. ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಮಷಿನ್ ಹಚ್ಚಿಸಿಕೊಳ್ಳುವ ಮುಂಚೆ ಅದನ್ನು ಹೇಳಲೇಬೇಕು.

ಎಣ್ಣೆಯ ಕಡೆ ಬರುತ್ತೇನೆ. ಆಯಿ ಕಳಿಸಿದ್ದು ಮಹಾನಾರಾಯಣ ತೈಲ. ಬೆಚ್ಚಗೆ ಮಾಡಿ, ಯಜಮಾನರು ಭುಜದ ಮೇಲೆ ಮೆಲ್ಲಗೆ ತಿಕ್ಕಿ, ಮೇಲೆ ಹಂಡೆಯ ಬಿಸಿ ನೀರು ಹೊಯ್ದರೆ ರಾತ್ರಿ ನಿದ್ದೆ ಬರುತ್ತದೆ. ನಿದ್ದೆ ಬಂದರೆ ಬೆಳಿಗ್ಗೆ ಟಿಕ್ ಬೀಳುತ್ತದೆ. ಆದ್ದರಿಂದ ವಾರಕ್ಕೆ ಎರಡು ಸಲ ಎಣ್ಣೆ ಉಳಿಸಿಕೊಂಡಿದ್ದೇನೆ. ಆದರೆ ಲಟಕ್ ಅನ್ನಿಸಿ ಕುತ್ತಿಗೆ ತಿರುಗಿಸುವವರ ಹತ್ತಿರ ಹೋಗಲಿಲ್ಲ, ಹೋಗುವುದೂ ಇಲ್ಲ. ಕುತ್ತಿಗೆಯ ಒಳಗೆ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಅಲ್ಲಿ ಜೋರು ಮಾಡಬಾರದು.

ನೋವಿನ ಮಾತ್ರೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನಗೆ ಬಿಪಿ ಇದೆ. ಡೈಕ್ಲೋಫೆನಾಕ್ ಥರದ ಮಾತ್ರೆ ಬಿಪಿ, ಹೊಟ್ಟೆ, ಕಿಡ್ನಿ ಮೂರಕ್ಕೂ ತೊಂದರೆ ಮಾಡಬಹುದು. ಡಾಕ್ಟರು ಬರೆದುಕೊಟ್ಟಷ್ಟು ದಿನ ತಗೊಂಡು ನಿಲ್ಲಿಸಿದೆ.

ಕಾಲರ್ ಮತ್ತು ಸೊಂಟದ ಬೆಲ್ಟು. ಕಾಲರ್ ಹಾಕಿಕೊಂಡ ಮೊದಲ ದಿನ ಕುತ್ತಿಗೆಯ ಭಾರವನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ತಲೆಯ ತೂಕ ಐದು ಕೆಜಿ ಆಸುಪಾಸು ಇರುತ್ತದೆ, ತಲೆ ಮುಂದೆ ಬಗ್ಗಿದಷ್ಟೂ ಹಿಂದಿನ ಸ್ನಾಯುಗಳ ಮೇಲೆ ಎಳೆತ ಜಾಸ್ತಿ. ಕಾಲರ್ ಆ ಕೆಲಸವನ್ನು ತಾನು ಮಾಡುತ್ತದೆ, ಸ್ನಾಯು ಸುಮ್ನೆ ಕೂರುತ್ತದೆ. ಎಂಟು ದಿನ ಹಗಲಿಡೀ ಹಾಕಿಕೊಂಡೆ. ಒಂಬತ್ತನೆಯ ದಿನ ತೆಗೆದಾಗ ತಲೆ ನೆಟ್ಟಗೆ ನಿಲ್ಲಿಸಿಕೊಳ್ಳಲು ಹೆದರಿಕೆಯಾಯಿತು. ಈಗ ಬಸ್ಸಿನಲ್ಲಿ ಮಾತ್ರ ಹಾಕುತ್ತೇನೆ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವಾಗ ತಿರುವಿನಲ್ಲಿ ಎಡಕ್ಕೆ ಬಲಕ್ಕೆ ಒಗೆಯುತ್ತದಲ್ಲ, ಅಲ್ಲಿ ಕಾಲರ್ ಬೇಕು. ಬೆಲ್ಟಿನ ಕಥೆಯೂ ಹೀಗೇ. ಭಾರದ ಕೆಲಸ ಇರುವ ಒಂದು ತಾಸು ಸರಿ, ದಿನವಿಡೀ ಬೇಡ.

ದಿಂಬಿನ ವಿಷಯದಲ್ಲಿ ದುಡ್ಡು ಹಾಳಾಯಿತು. ನಡುವೆ ತಗ್ಗು ಇರುವ ಫೋಮ್ ದಿಂಬಿಗೆ 1,400 ರೂಪಾಯಿ ಕೊಟ್ಟೆ. ನನ್ನ ಭುಜ ಸಣ್ಣದು, ಆ ದಿಂಬು ಎತ್ತರ. ಬೆಳಿಗ್ಗೆ ಕುತ್ತಿಗೆ ಇನ್ನಷ್ಟು ಬಿಗಿ. ನಮ್ಮ ಹಳೆಯ ಬೂರುಗದ ಹತ್ತಿ ದಿಂಬಿನಿಂದ ಎರಡು ಹಿಡಿ ಹತ್ತಿ ತೆಗೆದು, ಕವರಿನೊಳಗೆ ಕೆಳ ಅಂಚಿಗೆ ಒಂದು ಕೈ ಟವೆಲ್ ಸುರುಳಿ ಮಾಡಿ ಹೊಲಿದೆ. ಸುರುಳಿ ಕುತ್ತಿಗೆಯ ಬಾಗಿಗೆ ಬರುತ್ತದೆ, ತಲೆ ಹತ್ತಿಯ ಮೇಲೆ. ಇದೇ ಗೆದ್ದಿತು. ಫೋಮ್ ದಿಂಬು ಯಜಮಾನರಿಗೆ ಸರಿಹೋಗಿದೆ, ಅವರ ಭುಜ ಅಗಲ.

ಎಲ್ಲಕ್ಕಿಂತ ಮುಖ್ಯವಾದದ್ದು ವ್ಯಾಯಾಮದಲ್ಲೇ ಇರುವ ಎರಡು ದಾರಿ. ಮೊಬೈಲಿನಲ್ಲಿ ನೋಡಿ ನಾನು ಮೊದಲು ಮಾಡುತ್ತಿದ್ದುದು ಅಂಗಾತ ಮಲಗಿ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು. ಮಾಡುವಾಗ ಹಿತ. ಎದ್ದ ಅರ್ಧ ತಾಸಿಗೆ ಎಡಗಾಲಿನ ನೋವು ಮೀನಖಂಡದ ತನಕ. ಮೇಡಂ ಅದನ್ನು ನಿಲ್ಲಿಸಿ, ಬೋರಲು ಮಲಗಿಸಿ, ಅಂಗೈ ಊರಿ ಎದೆಯನ್ನಷ್ಟೇ ಮೇಲೆತ್ತಲು ಹೇಳಿದರು. ಸೊಂಟ ಚಾಪೆಯ ಮೇಲೇ ಇರಬೇಕು. ಹತ್ತು ಸಲ, ದಿನಕ್ಕೆ ಆರೇಳು ಹೊತ್ತು. ನಾಲ್ಕನೆಯ ದಿನ ಮೀನಖಂಡದ ನೋವು ತೊಡೆಗೆ ಏರಿತು. ಹತ್ತನೆಯ ದಿನ ತೊಡೆಯೂ ಬಿಟ್ಟು ಸೊಂಟದಲ್ಲಷ್ಟೇ ಉಳಿಯಿತು. ಸೊಂಟ ಮೊದಲಿಗಿಂತ ಜಾಸ್ತಿ ನೋಯುತ್ತಿತ್ತು. ನಾನು ಅತ್ತುಬಿಟ್ಟೆ. ಕಾಲಿನ ನೋವು ನಡುವಿಗೆ ಬಂದು ಸೇರಿದರೆ ಅದು ಒಳ್ಳೆಯ ಗುರುತು ಅಂತ ಅವರು ಸಮಾಧಾನ ಹೇಳಿದರು. ಹಾಗೇ ಆಯಿತು.

ಈ ದಾರಿ ತಿಳಿದ ಕಥೆ ನನಗೆ ತುಂಬ ಇಷ್ಟ. 1956ರಲ್ಲಿ ನ್ಯೂಜಿಲೆಂಡಿನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ಹತ್ತಿರ ಕಾಲು ನೋವಿನ ರೋಗಿಯೊಬ್ಬರು ಬಂದರು. ಒಳಗೆ ಹೋಗಿ ಬೋರಲು ಮಲಗಿರಿ ಅಂದರಂತೆ. ಹಾಸಿಗೆಯ ತಲೆಭಾಗ ಮೇಲಕ್ಕೆ ಎತ್ತಿಟ್ಟಿದ್ದು ಯಾರಿಗೂ ನೆನಪಿಲ್ಲ. ರೋಗಿ ಹಾಗೇ ಬೆನ್ನು ಹಿಂದಕ್ಕೆ ಬಾಗಿಸಿಕೊಂಡು ಮಲಗಿದರು. ಸ್ವಲ್ಪ ಹೊತ್ತಿನ ಮೇಲೆ ಮೆಕೆಂಜಿ ಬಂದು ನೋಡಿ ಗಾಬರಿಯಾದರು, ರೋಗಿ ಕಾಲಿನ ನೋವು ಹೋಯಿತು ಅಂದರು. ಅಲ್ಲಿಂದ ಅವರ ಹೆಸರಿನ ಪದ್ಧತಿಯೇ ಬೆಳೆಯಿತು.

ಆದರೆ ಇದನ್ನೇ ಎಲ್ಲರೂ ಮಾಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಅತ್ತೆಗೆ 72 ವರ್ಷ. ಅವರಿಗೂ ಬೆನ್ನು ನೋವು. ನನಗೆ ಆರಾಮ ಆಗಿದ್ದು ನೋಡಿ ಅವರೂ ಬೋರಲು ಮಲಗಿ ಎದೆ ಎತ್ತಿದರು. ಎರಡೂ ಕಾಲು ಭಾರವಾಗಿ ಜೋಮು ಹಿಡಿಯಿತು. “ಯಂಗೆ ಇದು ಆಗ್ತಿಲ್ಲೆ ತಂಗಿ” ಅಂದು ಎದ್ದು ಮುಂದಕ್ಕೆ ಬಗ್ಗಿ ಕೂತರು. ಕೂತ ಕೂಡಲೇ ಹಗುರ. ಅವರ ಬೆನ್ನಿನಲ್ಲಿ ನರ ಹಾಯುವ ದಾರಿ ವಯಸ್ಸಿನಿಂದ ಕಿರಿದಾಗಿದೆ, ಹಿಂದೆ ಬಾಗಿದರೆ ಅದು ಇನ್ನೂ ಕಿರಿದಾಗುತ್ತದೆ, ಮುಂದೆ ಬಗ್ಗಿದರೆ ತೆರೆಯುತ್ತದೆ ಅಂತ ಮೇಡಂ ಬಿಡಿಸಿ ಹೇಳಿದರು. ನಾನು ಬಿಟ್ಟ ಮೊಣಕಾಲಿನ ವ್ಯಾಯಾಮವೇ ಅತ್ತೆಗೆ ಮದ್ದು. ಮೊಬೈಲಿನ ವಿಡಿಯೋಗೂ ಎದುರಿಗೆ ಕೂತು ಕಾಲು ಎತ್ತಿಸಿ ನೋಡುವವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ನಮಗೆ ಸರಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ನಾನೂ ಅತ್ತೆಯೂ ಒಟ್ಟಿಗೇ ಹೋಗಿ ಬರುತ್ತೇವೆ.

ಕುತ್ತಿಗೆಗೆ ಗದ್ದವನ್ನು ಹಿಂದಕ್ಕೆ ಸರಿಸುವ ವ್ಯಾಯಾಮ, ಅಂಗೈಗೆ ಹಣೆ ಒತ್ತಿ ತಲೆ ಅಲುಗದಂತೆ ಹಿಡಿಯುವುದು, ಇವೆರಡೇ ಸಾಕಾದವು. ಮಷಿನ್ ಮುಂದೆ ಕೂತಾಗ ಒಂದು ಬ್ಲೌಸಿನ ತೋಳು ಮುಗಿದ ಕೂಡಲೇ ಐದು ಸಲ ಮಾಡುತ್ತೇನೆ.

ಇಲ್ಲಿ ಒಂದು ಮಾತು. ಸೂಜಿಗೆ ದಾರ ಪೋಣಿಸಲು ಬೆರಳು ಕೇಳದಿದ್ದರೆ, ಕೈಕಾಲಿನ ಬಲ ಕುಂದುತ್ತಿದ್ದರೆ, ತೊಡೆಸಂದಿಯಲ್ಲಿ ಜೋಮು ಬಂದು ಮೂತ್ರ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರವಿದ್ದರೆ ನಾನು ಬರೆದ ಯಾವುದನ್ನೂ ಮಾಡಬೇಡಿ. ತಡಮಾಡದೆ ಆಸ್ಪತ್ರೆಗೆ ಹೋಗಿ.

ನಡಿಗೆಯನ್ನೂ ಹೋಲಿಸಿ ನೋಡಿದೆ. ತೋಟದ ದಾರಿಯಲ್ಲಿ ಇಳಿಜಾರು ಜಾಸ್ತಿ, ಮಳೆಯಲ್ಲಿ ಜಾರುತ್ತದೆ. ಜಾರುವ ಭಯಕ್ಕೇ ಸೊಂಟ ಬಿಗಿಯುತ್ತದೆ. ಊರಿನ ಡಾಂಬರು ರಸ್ತೆ ವಾಸಿ. ಬೇಸಿಗೆಯಲ್ಲಿ ಕಾರವಾರದ ಅಕ್ಕನ ಮನೆಯಲ್ಲಿ ಹದಿನೈದು ದಿನ ಇದ್ದೆ. ದಿನಾ ಸಂಜೆ ಟ್ಯಾಗೋರ್ ಕಡಲತೀರಕ್ಕೆ ಹೋಗುತ್ತಿದ್ದೆವು. ಒಣ ಮರಳಿನಲ್ಲಿ ಕಾಲು ಹೂತು ಮೊದಲ ದಿನವೇ ಸೊಂಟ ಕೆರಳಿತು. ಮರುದಿನ ನೀರಿನ ಅಂಚಿನ ಗಟ್ಟಿ ಮರಳಿಗೆ ಬಂದೆ. ಅಲ್ಲಿ ನೆಲ ಸಮುದ್ರದ ಕಡೆ ಓರೆ. ಒಂದೇ ದಿಕ್ಕಿಗೆ ನಡೆದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ. ಹತ್ತು ನಿಮಿಷಕ್ಕೊಮ್ಮೆ ತಿರುಗಿ ನಡೆದೆ. ದಡದಲ್ಲಿ ಮ್ಯೂಸಿಯಂ ಮಾಡಿಟ್ಟ ಚಾಪಲ್ ಯುದ್ಧನೌಕೆಯ ಹತ್ತಿರದಿಂದ ಹೋಗಿ, ತಿರುಗಿ, ಮತ್ತೆ ಹೋಗಿ. ಆ ಹದಿನೈದು ದಿನದಲ್ಲಿ ಹದಿಮೂರು ಟಿಕ್. ಅಲ್ಲಿ ಹೊಲಿಗೆಯೂ ಇರಲಿಲ್ಲ, ಅಡಿಕೆಯೂ ಇರಲಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಉಳಿದ ಪರೀಕ್ಷೆ ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವುದರದ್ದು. ಹೊಲಿಗೆ ಮಷಿನ್ ಕೆಳಗೆ ಎರಡು ಹಲಗೆ ಕೊಟ್ಟು ಎತ್ತರಿಸಿದ್ದಾಯಿತು, ಕುತ್ತಿಗೆಗೆ ಅದು ಹೊಂದಿದೆ. ಅಡಿಕೆಗೆ ಮಾತ್ರ ನೆಲದ ಮೇಲೆ ಮಣೆ ಹಾಕಿಯೇ ಕೂರುವುದು ರೂಢಿ. ಹೋದ ವಾರ ಬಡಗಿಯಿಂದ ಕತ್ತಿಯನ್ನು ಒಂದು ಬೆಂಚಿಗೆ ಕೂರಿಸಿ, ನಾನು ಸ್ಟೂಲ್ ಮೇಲೆ ಕೂತು ಸುಲಿಯಲು ಶುರು ಮಾಡಿದ್ದೇನೆ. ಕೈ ಇನ್ನೂ ಹೊಂದಿಲ್ಲ. ಎರಡು ಬುಟ್ಟಿ ಆಗುತ್ತಿದ್ದ ಹೊತ್ತಿನಲ್ಲಿ ಒಂದೂವರೆ ಆಗುತ್ತಿದೆ. ಮಣೆಯ ಮೇಲೆ ಕೂತ ಹಿಂದಿನ ಎಂಟು ದಿನದಲ್ಲಿ ಮೂರು ಟಿಕ್ ಇದ್ದವು. ಸ್ಟೂಲಿನ ಎಂಟು ದಿನದಲ್ಲಿ ಆರು ಇವೆ.