ಅಂಟುವಾಳವೋ ಯಂತ್ರವೋ? ಮನೆಯಲ್ಲಿ ಒಡವೆ ತೊಳೆದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಂಟುವಾಳಕ್ಕೆ. ಎರಡು ಸಾವಿರ ರೂಪಾಯಿ ಆಸುಪಾಸಿನ, ಒಡವೆ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರ ಮನೆಗೆ ಬಂತು. ಒಂದು ಇಡೀ ಮಳೆಗಾಲ ಅದನ್ನೂ ಇದನ್ನೂ ಬಳಸಿ ನೋಡಿಯಾಯಿತು. ಆಮೇಲೂ ನನ್ನ ಮಾತು ಬದಲಾಗಿಲ್ಲ. ಯಂತ್ರ ಕೆಟ್ಟದ್ದು ಅಂತ ಹೇಳುವುದಿಲ್ಲ. ನಮ್ಮಂಥವರ ಮನೆಯ ಒಡವೆಗೆ, ನಮ್ಮ ಊರಿನ ಹವೆಗೆ ಅದು ಹೊಂದುವುದು ಕಡಿಮೆ.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡೆಯ ಬುಡದಲ್ಲಿ ತೋಟದ ಮನೆ. ನೀರು ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ್ದು. ಒಡವೆಯೂ ರಾಶಿ ಇಲ್ಲ. ದಿನಾ ಹಾಕುವ ಕರಿಮಣಿ, ಬಳೆ, ವಜ್ರದ ಮೂಗುಬೊಟ್ಟು, ಮದುವೆಯ ಜುಮುಕಿ, ಅತ್ತೆ ಕೊಟ್ಟ ಕೆಂಪಿನ ಪದಕದ ಅವಲಕ್ಕಿ ಸರ, ಒಂದೆಳೆ ಹವಳ, ಒಂದೆಳೆ ಮುತ್ತು. ಬೆಳ್ಳಿಯದ್ದು ಗೆಜ್ಜೆ, ಕಾಲುಂಗುರ, ದೇವರ ಕೋಣೆಯ ಸಾಮಾನು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇರುವುದು ಇಷ್ಟೇ, ಅಲ್ವಾ? ಪವನಿಗೆ, ಅಂದರೆ ಎಂಟು ಗ್ರಾಮಿಗೆ, ಈಗ ಇರುವ ರೇಟಿನಲ್ಲಿ ಹೊಸದು ಮಾಡಿಸುವ ಮಾತು ದೂರ. ಇರುವ ಎಂಟೆಂಟು ಗ್ರಾಮನ್ನು ಜೋಪಾನ ಮಾಡಬೇಕು.

ಒಡವೆ ಮಂಕಾಗುವುದು ಯಾಕೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. 22 ಕ್ಯಾರೆಟ್ ಒಡವೆಯ ಮೇಲಿರುವ 916 ಅಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ. ಉಳಿದ 84ರಲ್ಲಿ ಮುಖ್ಯವಾಗಿ ತಾಮ್ರ, ಬೆಳ್ಳಿ. ಚಿನ್ನ ತಾನಾಗಿ ಕಪ್ಪಾಗುವುದಿಲ್ಲ. ಮೇಲೆ ಕೂತ ಬೆವರು, ಕೂದಲೆಣ್ಣೆ, ಪೌಡರು, ಸ್ನಾನದ ಸೋಪಿನ ಜಿಡ್ಡು ಅದನ್ನು ಮಂಕು ಮಾಡುತ್ತದೆ. ಸ್ವಲ್ಪ ಮಟ್ಟಿಗೆ ಆ ತಾಮ್ರ, ಬೆಳ್ಳಿಯ ಪಾಲೂ ಇದೆ. ಹಾಗಾಗಿ ನಮಗೆ ಬೇಕಾದದ್ದು ಜಿಡ್ಡು ಬಿಡಿಸುವ ವಸ್ತು. ಟೂತ್‌ಪೇಸ್ಟ್ ಇಲ್ಲಿಗೇ ಹೊರಗೆ. ಅದರಲ್ಲಿರುವ ಉಜ್ಜುವ ಪುಡಿ 22 ಕ್ಯಾರೆಟ್‌ನ ಮೆತ್ತನೆ ಚಿನ್ನಕ್ಕೆ ಗೀರು ಹಾಕುತ್ತದೆ.

ಯಂತ್ರವನ್ನು ಮೈದುನ ಬೆಂಗಳೂರಿನಿಂದ ಕಳಿಸಿದ್ದು. ಸ್ಟೀಲಿನ ಚಿಕ್ಕ ತೊಟ್ಟಿ, ಒಳಗೊಂದು ಪ್ಲಾಸ್ಟಿಕ್ ಜಾಲರಿ. ನೀರು ತುಂಬಿ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಬಿಟ್ಟು, ಗುಂಡಿ ಒತ್ತಿದರೆ ಆಯಿತು. ಇಂಥ ಯಂತ್ರಗಳು ಸೆಕೆಂಡಿಗೆ ಸುಮಾರು 40,000 ಸಲ ಅದುರುತ್ತವೆ. ಆ ಅದುರಿಗೆ ನೀರಿನಲ್ಲಿ ತೀರಾ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆಯುವಾಗ ಸಂದಿಯ ಕೊಳೆಯನ್ನು ಕಿತ್ತು ತರುತ್ತವೆ. ಮೊದಲ ಸಲ ಬಳೆ ಹಾಕಿದಾಗ ಕೆತ್ತನೆಯ ಗೆರೆಗಳಿಂದ ಬೂದು ಬಣ್ಣದ ಕೊಳೆ ಹೊಗೆಯ ಹಾಗೆ ಎದ್ದು ಬಂತು. ನೋಡಿ ನಿಜವಾಗಿ ಖುಷಿಯಾಯಿತು.

ಆದರೆ ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು ಅಂತ ವಿಂಗಡಿಸಲು ಕೂತಾಗ ಖುಷಿ ಇಳಿಯಿತು. ಮುತ್ತು ಹಾಕುವ ಹಾಗಿಲ್ಲ. ಹವಳವೂ ಇಲ್ಲ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್, ಮೆದು ವಸ್ತು. ಮೇಲ್ಮೈ ಹಾಳಾದರೆ ಮೊದಲಿನ ಹೊಳಪು ಬರುವುದಿಲ್ಲ. ಪಚ್ಚೆ ಇದ್ದರೆ ಅದೂ ಬೇಡ. ಪಚ್ಚೆಯ ಒಳಗಿನ ಬಿರುಕು ಕಾಣದಿರಲಿ ಅಂತ ಸಾಮಾನ್ಯವಾಗಿ ಎಣ್ಣೆ ತುಂಬಿಸಿರುತ್ತಾರೆ. ಅದುರಿಗೆ, ಬಿಸಿಗೆ ಆ ಎಣ್ಣೆ ಹೊರಟು ಹೋದರೆ ಬಿರುಕು ಎದ್ದು ಕಾಣುತ್ತದೆ. ಅತ್ತೆಯ ಕೆಂಪಿನ ಪದಕವಂತೂ ಹಿಂಬದಿ ಪೂರ್ತಿ ಮುಚ್ಚಿ ಕೂರಿಸಿದ್ದು. ಇಂಥದ್ದರಲ್ಲಿ ಕಲ್ಲಿನ ಅಡಿಗೆ ಹೊಳಪಿಗಾಗಿ ತೆಳ್ಳಗಿನ ರೇಕು ಇಟ್ಟಿರುತ್ತಾರೆ. ಅಲ್ಲಿಗೆ ನೀರು ಇಳಿದರೆ ರೇಕು ಕಪ್ಪಾಗುತ್ತದೆ, ಕಲ್ಲಿನ ಕಳೆ ಹೋಗುತ್ತದೆ. ಒಳಗೆ ಅರಗು ತುಂಬಿದ ಟೊಳ್ಳು ಒಡವೆಗೆ ಬಿಸಿ ಆಗದು, ಈ ತೊಟ್ಟಿಯ ನೀರು ಓಡುತ್ತಾ ಓಡುತ್ತಾ ಬೆಚ್ಚಗಾಗುತ್ತದೆ. ವಜ್ರದ ಮೂಗುಬೊಟ್ಟು ಹಾಕಬಹುದು. ಅದಕ್ಕೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬೇಕು. ಸಣ್ಣಗೆ ಸದ್ದು ಬಂದರೆ ಕಲ್ಲಿನ ಹಿಡಿ ಸಡಿಲ ಇದೆ ಅಂತ ಅರ್ಥ, ಯಂತ್ರದಲ್ಲಿ ಅದು ಕಳಚಿ ಬರಬಹುದು.

ಇಷ್ಟನ್ನೆಲ್ಲ ಬದಿಗಿಟ್ಟ ಮೇಲೆ ಉಳಿದದ್ದು ಬಳೆ, ಚೈನು, ಉಂಗುರ, ಜುಮುಕಿ. ಅದನ್ನೂ ಒಟ್ಟಿಗೆ ಹಾಕಿದರೆ ಒಂದಕ್ಕೊಂದು ತಿಕ್ಕುತ್ತದೆ, ಒಂದೊಂದಾಗಿ ಹಾಕಬೇಕು. ಈ ಕೆಲಸವನ್ನು ಅಂಟುವಾಳ ಸುಮ್ನೆ ಮಾಡಿ ಮುಗಿಸುತ್ತದೆ.

ಅಂಟುವಾಳದ ಮರ ನಮ್ಮ ಗುಡ್ಡೆಯಲ್ಲೇ ಇದೆ. ಇಲ್ಲದವರಿಗೆ ಒಣಗಿದ ಕಾಯಿ ಅಂಗಡಿಯಲ್ಲಿ ಸಿಗುತ್ತದೆ, ದೊಡ್ಡ ಕ್ರಯವೇನಿಲ್ಲ. ಒಂದು ಹಿಡಿ ಕಾಯಿ ಜಜ್ಜಿ, ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ನೀರಿಗೆ ಹಾಕುತ್ತೇನೆ. ಬೆಳಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿದರೆ ಕಂದು ಬಣ್ಣದ ನೊರೆ ನೀರು ತಯಾರು. ಸಿಪ್ಪೆಯಲ್ಲಿರುವ ಸ್ಯಾಪೊನಿನ್ ಎಂಬ ಅಂಶವೇ ಆ ನೊರೆಗೆ ಕಾರಣ. ಜಿಡ್ಡನ್ನು ಎತ್ತುವುದೂ ಅದೇ. ಚಿನ್ನದ ಕೆಲಸದ ಆಚಾರಿಗಳು ಹಿಂದಿನಿಂದಲೂ ಇದನ್ನು ಬಳಸುತ್ತಾ ಬಂದಿದ್ದಾರೆ.

ಕರಿಮಣಿಯಲ್ಲಿ ಇದರ ಗುಣ ಚೆನ್ನಾಗಿ ಗೊತ್ತಾಗುತ್ತದೆ. ನನ್ನದು ಚಿನ್ನದ ತಂತಿಯಲ್ಲಿ ಕಟ್ಟಿದ್ದು. ಎರಡು ಮಣಿಗಳ ನಡುವೆ ತಂತಿಯನ್ನು ಸುತ್ತಿ ಕೊಂಡಿ ಮಾಡಿರುತ್ತಾರಲ್ಲ, ಆ ಸುತ್ತಿನ ಒಳಗೆ, ಅದರಲ್ಲೂ ಕುತ್ತಿಗೆಯ ಹಿಂಬದಿಗೆ ಬರುವ ಭಾಗದಲ್ಲಿ, ಎಣ್ಣೆ, ಬೆವರು, ಪೌಡರು ಸೇರಿ ಕರಿಹಸಿರು ಜಿಡ್ಡು ಗಟ್ಟಿಯಾಗಿ ಕೂತಿರುತ್ತದೆ. ಉಗುರುಬೆಚ್ಚಗಿನ ಅಂಟುವಾಳದ ನೀರಿನಲ್ಲಿ ಹದಿನೈದು ನಿಮಿಷ ಬಿಟ್ಟು, ಬಿಳಿ ತಟ್ಟೆಯ ಮೇಲೆ ಉದ್ದಕ್ಕೆ ಹಾಸಿ, ಪುಟ್ಟ ಮಕ್ಕಳ ಮೆತ್ತನೆ ಹಲ್ಲಿನ ಬ್ರಶ್‌ನಿಂದ ಕೊಂಡಿ ಕೊಂಡಿಗೆ ಆಡಿಸುತ್ತೇನೆ. ತಟ್ಟೆಯ ಮೇಲೆ ಸಣ್ಣ ಸಣ್ಣ ಕಪ್ಪು ಚೂರು ಉದುರುತ್ತಾ ಬರುತ್ತದೆ, ತಂತಿಯ ಹಳದಿ ಕಾಣಲು ಶುರುವಾಗುತ್ತದೆ. ದಾರದಲ್ಲಿ ಪೋಣಿಸಿದ ಕರಿಮಣಿಯಾದರೆ ನೆನೆಸಬಾರದು, ಒದ್ದೆ ಬ್ರಶ್ ಮಾತ್ರ ಸಾಕು.

ತೊಂದರೆಯೇ ಇಲ್ಲವೆಂದಲ್ಲ. ಈ ನೀರನ್ನು ಮಾಡಿ ಇಡಲು ಆಗುವುದಿಲ್ಲ, ಬೇಗ ಹುಳಿ ವಾಸನೆ ಬರುತ್ತದೆ. ಕಣ್ಣಿಗೆ ಹಾರಿದರೆ ಉರಿ. ಇದಕ್ಕೆ ಸ್ವಲ್ಪ ಆಮ್ಲ ಗುಣವೂ ಇರುವುದರಿಂದ ಮುತ್ತು, ಹವಳವನ್ನು ಇದರಲ್ಲಿ ಮುಳುಗಿಸಬೇಡಿ. ಅವಕ್ಕೆ ಬರೀ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸುವುದು ಸಾಕು. ಮತ್ತೆ, ಯಾವುದನ್ನೇ ತೊಳೆಯುವುದಾದರೂ ಸಿಂಕಿನ ಮೇಲೆ ಹಿಡಿದು ತೊಳೆಯಬೇಡಿ. ಜಾರಿದ ಮೂಗುಬೊಟ್ಟು ಪೈಪಿನೊಳಗೆ ಹೋಗಲು ಕ್ಷಣ ಸಾಕು. ಬೋಗುಣಿ, ಅದರ ಮೇಲೆ ಚಹಾ ಸೋಸುವ ಜರಡಿ, ಇಷ್ಟಿರಲಿ.

ಪಾತ್ರೆ ತೊಳೆಯುವ ಲಿಕ್ವಿಡ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಬೆಚ್ಚಗಿನ ನೀರಿಗೆ ಒಂದು ಹನಿ. ವಜ್ರಕ್ಕೆ ಇದು ಅಂಟುವಾಳಕ್ಕಿಂತ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ವಜ್ರ ಎಣ್ಣೆಜಿಡ್ಡನ್ನು ಬೇಗ ಹಿಡಿದುಕೊಳ್ಳುತ್ತದೆ, ಇದು ಅದನ್ನು ಚೆನ್ನಾಗಿ ಬಿಡಿಸುತ್ತದೆ. ಬ್ಲೀಚ್ ಸೇರಿದ ಯಾವುದೂ ಒಡವೆಯ ಹತ್ತಿರ ಬರಬಾರದು. ಕ್ಲೋರಿನ್ ಚಿನ್ನದಲ್ಲಿ ಬೆರೆತ ಲೋಹಗಳನ್ನೂ ಬೆಸುಗೆಯನ್ನೂ ಹಾಳು ಮಾಡುತ್ತದೆ.

ಅಂಗಡಿಯಲ್ಲಿ ಪಾಲಿಶ್ ಮಾಡಿಸಿದರೆ ಹೊಸದರ ಹಾಗೆ ಹೊಳೆಯುತ್ತದೆ, ಅದು ನಿಜ. ಆದರೆ ತಿರುಗುವ ಚಕ್ರಕ್ಕೆ ಹಿಡಿದಾಗ ಒಂದು ಪದರ ಚಿನ್ನ ಹೋಗಿಯೇ ಹೋಗುತ್ತದೆ. ಪದೇ ಪದೇ ಮಾಡಿಸಿದರೆ ಲಕ್ಷ್ಮಿಯ ಅಚ್ಚಿನ ಮುಖ ಸವೆದು ಸಪಾಟಾಗುತ್ತದೆ. ಮದುವೆಯಂಥ ದೊಡ್ಡ ಸಂದರ್ಭಕ್ಕೆ ಮಾಡಿಸಿ, ಎದುರಲ್ಲೇ ತೂಕ ಮಾಡಿಸಿ ಕೊಟ್ಟು, ತೂಕ ಮಾಡಿಸಿಯೇ ತಗೊಳ್ಳಿ. ಮನೆಬಾಗಿಲಿಗೆ ಬಂದು ‘ಚಿನ್ನಕ್ಕೆ ಪಾಲಿಶ್ ಹಾಕಿ ಕೊಡುತ್ತೇವೆ’ ಅನ್ನುವವರ ಕೈಗೆ ಮಾತ್ರ ಬಳೆ ಬಿಚ್ಚಿ ಕೊಡಬೇಡಿ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ಚಿನ್ನ ಕರಗುತ್ತದೆ. ನಿಮಗೆ ಹೊಳೆಯುವ ಬಳೆ ವಾಪಸು ಸಿಗುತ್ತದೆ, ಕರಗಿದ ಚಿನ್ನ ಅವರ ಪಾತ್ರೆಯಲ್ಲಿ ಉಳಿಯುತ್ತದೆ. ಹಿರಿಯರು ಒಬ್ಬರೇ ಇರುವ ಮನೆಗಳಲ್ಲಿ ಇದನ್ನು ದಯವಿಟ್ಟು ಹೇಳಿಡಿ.

ಈಗ ನನ್ನನ್ನು ಅತಿ ಹೆಚ್ಚು ಸತಾಯಿಸಿದ ವಿಷಯಕ್ಕೆ ಬರುತ್ತೇನೆ. ಒಣಗಿಸುವುದು.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ. ಒಡವೆ ಒಣಗಿದೆಯೋ ಇಲ್ಲವೋ ಅಂತ ಕಣ್ಣಿಗೆ ಕಾಣುವುದೂ ಇಲ್ಲ. ಜುಮುಕಿಯನ್ನೇ ತೆಗೆದುಕೊಳ್ಳಿ. ಕೆಳಗೆ ನೇತಾಡುವ ಗುಂಡುಗಳು ಒಳಗೆ ಟೊಳ್ಳು. ಮಾಡುವಾಗಲೇ ಬಿಟ್ಟ ಸೂಜಿಮೊನೆಯಷ್ಟು ತೂತು ಇರುತ್ತದೆ. ನೀರು ಅದರಲ್ಲಿ ಒಳಗೆ ಹೋಗುತ್ತದೆ, ಹೊರಗೆ ಬರಲು ಒಪ್ಪುವುದಿಲ್ಲ. ಯಂತ್ರದಲ್ಲಿ ತೊಳೆದ ಜುಮುಕಿಯನ್ನು ಚೆನ್ನಾಗಿ ಒರೆಸಿ ಕಾಗದದಲ್ಲಿ ಸುತ್ತಿಟ್ಟಿದ್ದೆ. ಮರುದಿನ ತೆಗೆದರೆ ಗುಲಾಬಿ ಕಾಗದದ ಮೇಲೆ ಸಾಲಾಗಿ ಒದ್ದೆ ಚುಕ್ಕೆಗಳು, ಒಂದೊಂದು ಗುಂಡಿಗೆ ಒಂದೊಂದು. ಕಾಗದದ ಬಣ್ಣ ಬಿಟ್ಟು ಜುಮುಕಿಯ ಅಂಚಿಗೆ ಹತ್ತಿತ್ತು.

ತಿರುಪಿನದ್ದು ಇನ್ನೊಂದು ಕಥೆ. ತಿರುಪಿನ ಸುತ್ತುಗೆರೆಗಳ ಒಳಗೆ ಪಸೆ ನಿಂತರೆ ಚಿನ್ನದಲ್ಲಿರುವ ತಾಮ್ರ ಬೆವರಿನ ಉಪ್ಪಿನ ಜೊತೆ ಸೇರಿ ಹಸಿರು ಬಿಡುತ್ತದೆ. ತಿರುಗಿಸಲು ಹೋದರೆ ಬಿಗಿ. ಕಿವಿಗೆ ಹಾಕಿಕೊಂಡರೆ ತುರಿಕೆ.

ಒಣಗಿಸಲು ಮಾಡದ ಉಪಾಯ ಇಲ್ಲ. ಒಲೆದಂಡೆಯಲ್ಲಿ ಬೆಚ್ಚಗೆ ಇಡಬಹುದು, ಆದರೆ ಹೊಗೆಯ ಮಸಿ ಹತ್ತುತ್ತದೆ. ಕೂದಲು ಒಣಗಿಸುವ ಡ್ರೈಯರ್ ಬಳೆಗೆ ಸರಿ, ಕಲ್ಲು ಕೂರಿಸಿದ್ದಕ್ಕೆ, ಅರಗು ಇರುವುದಕ್ಕೆ ಬೇಡ. ಕೊನೆಗೆ ಹೊಂದಿದ್ದು ಹೀಗೆ. ಬೈರಾಸನ್ನು (ಟವೆಲನ್ನು) ಮಡಚಿ ಹಾಸಿ ಅದರ ಮೇಲೆ ಒಡವೆಯನ್ನು ಮೆಲ್ಲಗೆ ಕೊಡವುವುದು. ಜುಮುಕಿಯನ್ನು ಬಾಯಿ ಕೆಳಗೆ ಮಾಡಿ ನೂಲಿನಲ್ಲಿ ತೂಗು ಹಾಕಿ ಫ್ಯಾನಿನ ಅಡಿಯಲ್ಲಿ ಒಂದು ಹಗಲು ಬಿಡುವುದು. ಆಮೇಲೆ ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಒಂದು ರಾತ್ರಿ. ಚಪ್ಪಲಿ ಪೆಟ್ಟಿಗೆಯಲ್ಲಿ ಬಂದ ಹಳೆಯ ಸಿಲಿಕಾ ಪೊಟ್ಟಣ ತೆರೆದ ಜಾಗದಲ್ಲಿ ಬಿದ್ದಿದ್ದರೆ ಪ್ರಯೋಜನವಿಲ್ಲ, ಅದು ಗಾಳಿಯ ಪಸೆಯನ್ನು ಆಗಲೇ ಕುಡಿದು ಮುಗಿಸಿರುತ್ತದೆ. ಬಣ್ಣ ಬದಲಿಸುವ ಹರಳು ಸಿಗುತ್ತದೆ, ಅದನ್ನು ತಗೊಂಡರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಅಂಟುವಾಳ ಗೆಲ್ಲುವುದೂ ಈ ಜಾಗದಲ್ಲೇ. ಯಂತ್ರದಲ್ಲಿ ಒಡವೆ ಮುಳುಗಲೇಬೇಕು, ಅದು ತೂತು ತೂತಿಗೂ ನೀರು ನುಗ್ಗಿಸುತ್ತದೆ. ಅಂಟುವಾಳದ ನೊರೆಯನ್ನು ಬ್ರಶ್‌ನ ತುದಿಯಲ್ಲಿ ತೆಗೆದುಕೊಂಡು ಜುಮುಕಿಯ ಹೊರಮೈಗೆ ಮಾತ್ರ ಮುಟ್ಟಿಸಬಹುದು. ಆಮೇಲೆ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದರೆ ಮುಗಿಯಿತು. ಅತ್ತೆ ನೋಡಿ, ‘ಇದಾದರೆ ಸರಿ ಮಾರಾಯ್ತಿ, ಅದನ್ನು ಪೂರ್ತಿ ಮೀಯಿಸುವುದು ಯಾಕೆ?’ ಅಂದರು.

ಇಡುವ ವಿಚಾರದಲ್ಲೂ ನನ್ನ ಆಯ್ಕೆ ಸಾದಾ. ಅಂಗಡಿಯವರು ಕೊಡುವ ವೆಲ್ವೆಟ್ ಪೆಟ್ಟಿಗೆ ನಮ್ಮ ಮಳೆಗಾಲಕ್ಕೆ ಆಗುವುದಿಲ್ಲ. ಬಟ್ಟೆಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಕವರು ಚಿನ್ನಕ್ಕೂ ಬೆಳ್ಳಿಗೂ ಒಳ್ಳೆಯದು. ಒಂದು ಕವರಿಗೆ ಒಂದೇ ಒಡವೆ, ಗಾಳಿ ಒತ್ತಿ ತೆಗೆದು ಮುಚ್ಚುವುದು. ವಜ್ರದ್ದು ಯಾವಾಗಲೂ ಬೇರೆ, ಇಲ್ಲದಿದ್ದರೆ ಪಕ್ಕದ ಬಳೆಗೆ ಗೀರು. ಬೆಳ್ಳಿಯ ಗೆಜ್ಜೆಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಈಗಾಗಲೇ ಕಪ್ಪಾಗಿದ್ದರೆ ಅಲ್ಯೂಮಿನಿಯಂ ಫಾಯಿಲ್ ಹಾಸಿದ ಪಾತ್ರೆಗೆ ಬಿಸಿನೀರು, ಅಡುಗೆ ಸೋಡ ಹಾಕಿ ಬೆಳ್ಳಿ ಫಾಯಿಲ್‌ಗೆ ತಾಗುವಂತೆ ಇಡಿ. ಕಪ್ಪು ಕಳೆಯುತ್ತದೆ, ಸ್ವಲ್ಪ ಕೆಟ್ಟ ವಾಸನೆ ಬರುತ್ತದೆ ಅಷ್ಟೇ. ಕಲ್ಲಿದ್ದರೆ ಇದು ಬೇಡ.

ಮುತ್ತು ಮಾತ್ರ ಎಲ್ಲಕ್ಕೂ ಉಲ್ಟಾ. ಅದಕ್ಕೆ ಕವರೂ ಬೇಡ, ಸಿಲಿಕಾ ಜೆಲ್ಲೂ ಬೇಡ. ತೀರಾ ಒಣಗಿದರೆ ಅದಕ್ಕೆ ಕೆಡುಕು. ಹಳೆಯ ಮುಂಡಿನ ಮೆತ್ತನೆ ತುಂಡಿನಲ್ಲಿ ಸುತ್ತಿ, ನೇತುಹಾಕದೆ, ಮಲಗಿಸಿ ಇಡುತ್ತೇನೆ. ತೂಗುಹಾಕಿದರೆ ದಾರ ಎಳೆದುಕೊಳ್ಳುತ್ತದೆ.

ಲಾಕರಿಗೆ ಕೊಂಡುಹೋಗುವ ಮೊದಲು ಪ್ರತಿಯೊಂದರ ಫೋಟೊ, ತೂಕ, ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ, ಅಂದರೆ ಎಚ್‌ಯುಐಡಿ ಬರೆದಿಡಿ. 2023ರ ಏಪ್ರಿಲ್‌ನಿಂದ ಈಚೆ ಅಂಗಡಿಯಲ್ಲಿ ಹಾಲ್‌ಮಾರ್ಕ್ ಒಡವೆ ತಗೊಂಡಿದ್ದರೆ ಅದರ ಮೇಲೆ ಇದು ಇರಬೇಕು. ಹಳೆಯದರಲ್ಲಿ ಇಲ್ಲದಿರಬಹುದು, ಅದಕ್ಕೆ ಫೋಟೊ ಮುಖ್ಯ.

ಯಂತ್ರ ಈಗ ಬೆಂಗಳೂರಿಗೆ ವಾಪಸು ಹೋಗುತ್ತಿದೆ. ಓರಗಿತ್ತಿಗೆ ಅದು ಸರಿಯಾಗುತ್ತದೆ. ಅವಳ ಹತ್ತಿರ ವಜ್ರದ ಉಂಗುರ, ಸಾದಾ ಚೈನುಗಳೇ ಜಾಸ್ತಿ, ಅಂಟುವಾಳ ನೆನೆಸಿ ಕೂರಲು ಕೆಲಸದ ದಿನಗಳಲ್ಲಿ ಪುರುಸೊತ್ತಿಲ್ಲ, ಅಲ್ಲಿನ ಹವೆಯೂ ನಮ್ಮಷ್ಟು ಒದ್ದೆಯಲ್ಲ. ಪೆಟ್ಟಿಗೆಯ ಒಳಗೆ ಒಂದು ಚೀಟಿ ಇಟ್ಟಿದ್ದೇನೆ: ಒಂದು ಸಲಕ್ಕೆ ಒಂದೇ, ಕಲ್ಲಿನ ಹಿಡಿ ಮೊದಲು ನೋಡು, ನಿನ್ನ ಮುತ್ತಿನ ಓಲೆ ಮಾತ್ರ ಹಾಕಬೇಡ.