ಗೋಲ್ಡ್ ಸ್ಟಾರ್‌ಗೆ ರೇಸ್ ಕ್ಯಾಮ್, ವಾಲ್ವ್: ಎರಡು ಕಡೆಯಿಂದ ತರಿಸಿದ ಅನುಭವ

ನನ್ನ ಗಾಡಿ ಬಿಎಸ್‌ಎ ಗೋಲ್ಡ್ ಸ್ಟಾರ್ ಡಿಬಿಡಿ34, ಹಳೆಯ ಬ್ರಿಟಿಷ್ ಬೈಕ್. ಬೋರ್ 85 ಮಿ.ಮೀ., ಸ್ಟ್ರೋಕ್ 88, ಒಂದೇ ಸಿಲಿಂಡರ್, ಪುಶ್‌ರಾಡ್ ಎಂಜಿನ್, ಅಂದರೆ ಕೆಳಗಿನ ಕ್ಯಾಮ್‌ನ ಉಬ್ಬು ಉದ್ದ ಕಡ್ಡಿಗಳ ಮೂಲಕ ಮೇಲಿನ ವಾಲ್ವ್ ತೆರೆಯುತ್ತದೆ. ರೇಸ್‌ಗೆ ಅಂತ ಎರಡು ಸಲ ಕ್ಯಾಮ್ ಬದಲಿಸಿದ್ದೇನೆ, ಮೊದಲ ಸಲ ಸರಿಯಾಗಿ ಪೆಟ್ಟು ತಿಂದೆ.

ಮೊದಲನೇ ಅಂಗಡಿಯವರು ಏನನ್ನೂ ಕೇಳಲಿಲ್ಲ. 'ಫುಲ್ ರೇಸ್, 320 ಡಿಗ್ರಿ' ಅಂದರು, ಕಳಿಸಿದರು. ಆ 320 ಅಂದರೆ ವಾಲ್ವ್ ತೆರೆದಿರುವ ಅವಧಿ (ಡ್ಯುರೇಶನ್), ಕ್ರ್ಯಾಂಕ್ ತಿರುಗುವ ಡಿಗ್ರಿ ಲೆಕ್ಕದಲ್ಲಿ; ಅದನ್ನು ಎಷ್ಟು ಲಿಫ್ಟ್‌ನಲ್ಲಿ, ಅಂದರೆ ಎಷ್ಟು ಎತ್ತಿದಾಗಿನಿಂದ, ಅಳೆದದ್ದು ಅಂತ ಎಲ್ಲೂ ಬರೆದಿರಲಿಲ್ಲ. ಅದು ಗೊತ್ತಿಲ್ಲದೆ ಎರಡು ಕ್ಯಾಮ್‌ಗಳನ್ನು ಹೋಲಿಸೋಕೇ ಆಗಲ್ಲ, ಅಲ್ವಾ? ಗಾಡಿ ಮೇಲಿನ ಆರ್‌ಪಿಎಂನಲ್ಲಿ ಚೆನ್ನಾಗಿಯೇ ಓಡಿತು, ಆದರೆ ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು) ಜಾಸ್ತಿ, ಜೊತೆಗೆ ಮೆಗಾಫೋನ್ (ತುದಿಗೆ ಅಗಲವಾಗುವ ಎಕ್ಸಾಸ್ಟ್ ಕೊಳವೆ) ಬೇರೆ, ಹಾಗಾಗಿ ನಿಧಾನದ ತಿರುವಿನಿಂದ ಎದ್ದು ಬರುವಾಗಲೆಲ್ಲ ಕೆಮ್ಮುತ್ತಿತ್ತು, ಪ್ರತಿ ಸಲ ಕ್ಲಚ್ ಜಾರಿಸಿಕೊಂಡೇ ಬರಬೇಕಿತ್ತು. ಬಿಚ್ಚಿ ನೋಡಿದರೆ ಅದು ಹಳೆ ಕ್ಯಾಮನ್ನೇ ಮತ್ತೆ ಉಜ್ಜಿದ್ದು. ಬೇಸ್ ಸರ್ಕಲ್ (ಕ್ಯಾಮ್‌ನ ಉಬ್ಬಿಲ್ಲದ ದುಂಡು ಭಾಗ) ಸಣ್ಣದಾಗಿತ್ತು, ಅಷ್ಟಕ್ಕೆ ಗ್ಯಾಪ್ ಹೆಚ್ಚಾಗುತ್ತದೆ. ಈ ಎಂಜಿನ್‌ನಲ್ಲಿ ರಾಕರ್ (ವಾಲ್ವ್ ಒತ್ತುವ ತೋಳು) ಸ್ಪಿಂಡಲ್ ತಿರುಗಿಸಿಯೇ ಟ್ಯಾಪೆಟ್ ಗ್ಯಾಪ್ ಹೊಂದಿಸಬೇಕು, ಅದಕ್ಕೊಂದು ಮಿತಿ ಇದೆ. ಉದ್ದದ ಪುಶ್‌ರಾಡ್ ಬೇಕು ಅಂತ ಒಂದು ಮಾತು ಹೇಳಬೇಕಿತ್ತು ಅವರು.

ಎರಡನೆಯವರು ಕ್ಯಾಮ್ ಉಜ್ಜುವವರೇ. ಆರ್ಡರ್ ತೆಗೆದುಕೊಳ್ಳುವ ಮೊದಲು ಪ್ರಶ್ನೆ ಕೇಳಿದರು: ಕಾರ್ಬುರೇಟರ್ ಯಾವುದು, ಎಕ್ಸಾಸ್ಟ್ ಎಂಥದು, ಕಂಪ್ರೆಷನ್ ಎಷ್ಟು, ಗೇರ್ ರೇಶಿಯೋ ಏನು, ನಿಮ್ಮ ಟ್ರ್ಯಾಕ್‌ನಲ್ಲಿ ನಿಧಾನದ ತಿರುವು ಎಷ್ಟಿದೆ. ಇಷ್ಟಕ್ಕೇ ನಾನು ಇವರಿಗೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಡ್ಯುರೇಶನ್ ಕಡಿಮೆ ಮಾಡಿ ಲಿಫ್ಟ್ ಹಾಗೇ ಉಳಿಸಿದರು, 1 ಮಿ.ಮೀ. ಲಿಫ್ಟ್‌ನಲ್ಲಿ ಅಳೆದ ಟೈಮಿಂಗ್ ಚೀಟಿಯನ್ನೂ ಕಳಿಸಿದರು. ಈಗ ಗಾಡಿ ತಿರುವಿನಿಂದಲೇ ಎಳೆಯುತ್ತದೆ.

ವಾಲ್ವ್ ವಿಷಯದಲ್ಲೂ ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ನನಗೆ ಟೈಟಾನಿಯಂ ಆಸೆ ಇತ್ತು. ಹಗುರ ನಿಜ, ಆದರೆ ತುದಿಗೆ ಗಟ್ಟಿ ಕ್ಯಾಪ್ ಬೇಕು, ಗೈಡ್ ಮತ್ತು ಸೀಟ್ ಅದಕ್ಕೆ ಒಗ್ಗುವಂಥದ್ದಾಗಿರಬೇಕು, ಪದೇ ಪದೇ ಬಿಚ್ಚಿ ನೋಡಬೇಕು. ಎಕ್ಸಾಸ್ಟ್‌ಗೆ 21-4ಎನ್ ಎಂಬ ಸ್ಟೇನ್‌ಲೆಸ್ ಸ್ಟೀಲ್ ಸಾಕು ಅಂದರು, ಶಾಖ ಚೆನ್ನಾಗಿ ತಡೆಯುತ್ತಿದೆ. ಇನ್‌ಲೆಟ್ ವಾಲ್ವ್ ಇನ್ನೂ ದೊಡ್ಡದು ಬೇಡ ಅಂತಲೂ ಅಂದರು, ಯಾಕಂದರೆ ಓವರ್‌ಲ್ಯಾಪ್ ವೇಳೆ ಎರಡು ವಾಲ್ವ್‌ಗಳ ಅಂಚು ಒಂದಕ್ಕೊಂದು ತಾಗಬಹುದು.

ದೂರೂ ಇದೆ. ಹೇಳಿದ ದಿನಕ್ಕಿಂತ ಮೂರು ವಾರ ತಡ. ಸ್ಪ್ರಿಂಗ್ ಯಾವ ಎತ್ತರಕ್ಕೆ ಕೂರಿಸಬೇಕು ಅಂತ ಬರೆದಿರಲಿಲ್ಲ, ಫೋನ್ ಮಾಡಿ ಕೇಳಬೇಕಾಯಿತು. ಪೂರ್ತಿ ಲಿಫ್ಟ್‌ನಲ್ಲೂ ಕಾಯಿಲ್ ಬೈಂಡ್ (ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ತಾಗಿ ನಿಲ್ಲುವುದು) ಆಗಲು ಸುಮಾರು 1 ಮಿ.ಮೀ. ಬಾಕಿ ಇರಲೇಬೇಕು, ಹಾಗಾಗಿ ಇದು ಸಣ್ಣ ತಪ್ಪಲ್ಲ.

ನೀವು ತರಿಸಿದರೆ ಸುಮ್ನೆ ನಂಬಿ ಕೂರಿಸಬೇಡಿ. ಪಿಸ್ಟನ್ ಮೇಲೆ ಪ್ಲಾಸ್ಟಿಸಿನ್ (ಮಕ್ಕಳು ಆಡುವ ಮೆತ್ತನೆ ಮಣ್ಣು) ಇಟ್ಟು ಎಂಜಿನ್ ಕೈಯಲ್ಲಿ ತಿರುಗಿಸಿ, ವಾಲ್ವ್ ಮತ್ತು ಪಿಸ್ಟನ್ ನಡುವೆ ಇನ್‌ಲೆಟ್ ಕಡೆ 1.5, ಎಕ್ಸಾಸ್ಟ್ ಕಡೆ 2 ಮಿ.ಮೀ. ಜಾಗ ಇದೆಯಾ ನೋಡಿ. ಟ್ಯಾಪೆಟ್ (ಕ್ಯಾಮ್ ಮೇಲೆ ಉಜ್ಜುತ್ತ ಪುಶ್‌ರಾಡ್ ಎತ್ತುವ ತುಂಡು) ಚಪ್ಪಟೆಯಾದ್ದರಿಂದ ಮೊದಲ 20 ನಿಮಿಷ ಐಡಲ್‌ನಲ್ಲಿ ಬಿಡದೆ 2000 ಆರ್‌ಪಿಎಂ ಮೇಲೆಯೇ ಓಡಿಸಿ, ಜಿಂಕ್ ಇರುವ ಎಣ್ಣೆ ಹಾಕಿ. ಮುಂದಿನ ಸೀಸನ್‌ಗೆ ಟ್ಯಾಪೆಟ್‌ಗಳನ್ನೂ ಇವರ ಹತ್ತಿರವೇ ಉಜ್ಜಿಸುತ್ತೇನೆ.